ಮಾವನ ತರೀಕೆರೆ, ನನ್ನ ಗೇರ್‌ಬಾಕ್ಸು

ಹೋದ ಭಾನುವಾರ ಕಡೂರಿನ ನಮ್ಮ ಮನೆಯ ಹಿತ್ತಲ ಜಗಲಿಯಲ್ಲಿ ಕೂತು ರಿಮೋಟ್ ಲಾರಿಯ ಗೇರ್‌ಬಾಕ್ಸ್ ಬಿಚ್ಚಿದೆ. ಆಗಾಗ ಬಿಚ್ಚಿ, ಹಳೇ ಗ್ರೀಸು ಒರೆಸಿ, ಹೊಸದು ಹಚ್ಚದಿದ್ದರೆ ಒಳಗಿನ ಹಲ್ಲುಗಳು ಸವೆದುಹೋಗುತ್ತವೆ. ಮುಚ್ಚಳ ಎತ್ತಿದಾಗ ಕಪ್ಪಾದ ಗ್ರೀಸಿನ ಕಮಟು ಮೊದಲು ಬಂತು. ಆಮೇಲೆ ಬೇರಿಂಗ್ ಕೂರುವ ಗುಂಡಿಯ ಅಂಚಿನಲ್ಲಿ ಸಾಸಿವೆಯಷ್ಟು ಕಪ್ಪು ಮಣ್ಣು ಕಂಡಿತು. ಸ್ಪಿರಿಟ್ಟಿನಲ್ಲಿ ಅದ್ದಿದ ಬ್ರಷ್ಷಿನಿಂದ ತಟ್ಟಿದೆ. ಮಣ್ಣು ನೆನೆದು ಅದರದ್ದೇ ಒಂದು ಹಸಿ ವಾಸನೆ ಎದ್ದಿತು. ಕಡೂರಿನಲ್ಲಿ ನಾನು ಲಾರಿ ಓಡಿಸುವ ಕಡೆ ಇರುವುದು ಕೆಂಪು ಮಣ್ಣು. ಇದು ಅಜ್ಜಂಪುರದ ಎರೆಮಣ್ಣು. ಎಷ್ಟು ಸಲ ತೊಳೆದಿದ್ದೇನೆ, ಎಲ್ಲಿ ಉಳಿದಿತ್ತೋ!

ಬ್ರಷ್ಷು ಕೈಯಲ್ಲೇ ನಿಂತಿತು. ಆ ಮಳೆಗಾಲ ಅಜ್ಜಂಪುರದ ಮನೆಯಲ್ಲಿ ನಡೆದದ್ದರಲ್ಲಿ ನನಗೆ ಅರ್ಥವಾದದ್ದು ಯಾವುದು, ಅರ್ಥವಾಯಿತು ಎಂದುಕೊಂಡದ್ದು ಯಾವುದು ಎಂಬುದು ಇವತ್ತಿಗೂ ನನಗೆ ಬಗೆಹರಿದಿಲ್ಲ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವ ಮೇಷ್ಟ್ರು. ಮದುವೆಯಾದ ಹೊಸತರಲ್ಲೇ ಅಜ್ಜಂಪುರದ ಪಕ್ಕದ ಒಂದು ಹಳ್ಳಿಯ ಶಾಲೆಗೆ ವರ್ಗವಾಯಿತು. ಹೆಂಡತಿ ಶೈಲಾ ಕಡೂರಿನ ಒಂದು ಕಚೇರಿಯಲ್ಲಿ ಕೆಲಸದಲ್ಲಿದ್ದಳು. ಅವಳ ತವರು ಅಜ್ಜಂಪುರವೇ. ಬೇರೆ ಮನೆ ಯಾಕೆ, ಮೇಲಿನ ಕೋಣೆ ಖಾಲಿಯೇ ಇದೆ ಎಂದು ಅತ್ತೆ ಹೇಳಿದರು. ಹೀಗೆ ನಾನು ಮನೆಯಳಿಯನಾದೆ. ಶೈಲಾ ಬೆಳಿಗ್ಗೆ ಬಸ್ಸಿಗೋ ರೈಲಿಗೋ ಕಡೂರಿಗೆ ಹೋಗಿ ಸಂಜೆ ಬರುತ್ತಿದ್ದಳು. ನಾನು ಅವಳಿಗಿಂತ ಮೊದಲೇ ಮನೆ ಸೇರುತ್ತಿದ್ದೆ.

ಮಾವ ರುದ್ರಪ್ಪನವರು ಸ್ವಂತ ಲಾರಿ ಇಟ್ಟುಕೊಂಡು ತಾವೇ ಓಡಿಸುತ್ತಿದ್ದವರು. ಈರುಳ್ಳಿ, ತೆಂಗಿನಕಾಯಿ, ಸಿಮೆಂಟು, ಸಿಕ್ಕಿದ್ದನ್ನೆಲ್ಲ ಹೇರಿಕೊಂಡು ಹೋಗಿಬಂದವರು. ಲಾರಿ ಮಾರಿ ಬಹಳ ವರ್ಷವಾಗಿತ್ತು. ಅವರು ನನ್ನ ಜೊತೆ ಮಾತಾಡುತ್ತಲೇ ಇರಲಿಲ್ಲ. ಕೋಪವಲ್ಲ, ಮರ್ಯಾದೆ. ನಾನು ಒಳಗೆ ಬಂದರೆ ಕುರ್ಚಿಯಿಂದ ಏಳುವರು. ಏನು ಹೇಳಬೇಕಾದರೂ ಅತ್ತೆಯ ಕಡೆ ತಿರುಗಿ ಹೇಳುವರು. ನಾವು ಸಾಮಾನು ಇಳಿಸಿದ ದಿನ ಒಂದು ಡಬ್ಬವನ್ನು ಮಿಕ್ಸಿ ಎಂದುಕೊಂಡು ಅಡುಗೆಮನೆಗೆ ಒಯ್ದಿಟ್ಟವರು, ಬಿಚ್ಚಿ ನೋಡಿದರು. ಬೆಕ್ಕಿನಷ್ಟು ಉದ್ದದ ಲಾರಿ, ದಪ್ಪ ಚಕ್ರ, ಮೇಲೊಂದು ಆಂಟೆನಾ. ಅತ್ತೆಯ ಕಡೆ ತಿರುಗಿ ಹೇಳಿದರು:

"ಅಳಿಯಂದ್ರ ಆಟದ ಸಾಮಾನು ಎಲ್ಲಿಡಬೇಕು ಅಂತ ಕೇಳು."

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಇದು ಆಟದ ಸಾಮಾನಲ್ಲ ಎಂದು ಹೇಳೋಣವೆಂದರೆ, ಮತ್ತೇನು ಎಂದು ಹೇಳಲು ನನಗೂ ಗೊತ್ತಿರಲಿಲ್ಲ. ಲೆಕ್ಕ ಹೇಳಿ ಹೇಳಿ ತಲೆ ಕಾದಾಗ ಅದನ್ನು ಊರಾಚೆ ದನ ಮೇಯುವ ಕಾವಲಿನ ಅಂಚಿನ ಬಯಲಿಗೆ ಒಯ್ದು ಗುಂಡಿ, ದಿಣ್ಣೆ ಹತ್ತಿಸುತ್ತಿದ್ದೆ. ಬಂದು ಬಿಚ್ಚಿ, ತೊಳೆದು, ಮತ್ತೆ ಜೋಡಿಸುತ್ತಿದ್ದೆ. ಓಡಿಸುವುದಕ್ಕಿಂತ ಬಿಚ್ಚುವುದರಲ್ಲೇ ನನಗೆ ಹೆಚ್ಚು ಸುಖ.

ಮುಂಗಾರು ಹಿಡಿದ ಹೊಸತರಲ್ಲಿ ಒಂದು ಬೆಳಿಗ್ಗೆ ಮಾವ ಪಂಚೆ ಉಡಲಾಗದೆ ಗೋಡೆ ಹಿಡಿದು ನಿಂತಿದ್ದರು. ಬಾಯಿ ಒಂದು ಕಡೆ ವಾಲಿತ್ತು. ಶಿವಮೊಗ್ಗದ ಆಸ್ಪತ್ರೆಗೆ ಒಯ್ದೆವು. ಜೀವ ಉಳಿಯಿತು. ಕಾಲು ಎಳೆದುಕೊಂಡಾದರೂ ನಡೆಯುವಂತಾಯಿತು. ಬಲಗೈ ಸೋತಿತು. ಮಾತು ಹೋಯಿತು. ಒಂದೇ ಒಂದು ಮಾತು ಉಳಿಯಿತು.

"ತರೀಕೆರೆ."

ನೀರು ಬೇಕಾದರೂ ತರೀಕೆರೆ, ಕಾಫಿಗೆ ಸಕ್ಕರೆ ಕಡಿಮೆಯಾದರೂ ತರೀಕೆರೆ. ಸಿಟ್ಟು ಬಂದರೆ ಅದನ್ನೇ ಒದರುವರು, ಸಮಾಧಾನವಾದರೆ ಅದನ್ನೇ ಎಳೆದು ಹೇಳುವರು. ನೋಡಲು ಬಂದ ನೆಂಟರು ಹೊರಟಾಗ ಕೈಯೆತ್ತಿ ಬಹಳ ಗೌರವದಿಂದ "ತರೀಕೆರೆ" ಎನ್ನುವರು. ನೆಂಟರಿಗೆ ನಗುವುದೋ ಅಳುವುದೋ ತಿಳಿಯುತ್ತಿರಲಿಲ್ಲ. ನಮಗೂ ತಿಳಿಯುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುತ್ತಿದ್ದ ಹುಡುಗಿ ಬಿಡಿಸಿ ಹೇಳಿದಳು. "ಅವರಿಗೆ ಎಲ್ಲಾ ಅರ್ಥ ಆಗುತ್ತೆ ಸರ್. ಒಳಗೆ ಮಾತಿದೆ, ಬಾಯಿಗೆ ಬರೋ ದಾರಿ ಕೆಟ್ಟಿದೆ. ಹೀಗಾದಾಗ ಯಾವ್ದೋ ಒಂದು ಪದ ಉಳ್ಕೊಂಡ್ಬಿಡುತ್ತೆ. ಅದರಲ್ಲಿ ಅರ್ಥ ಹುಡುಕ್ಬೇಡಿ. ಸಣ್ಣಸಣ್ಣ ಸಾಮಾನು ಕೈಗೆ ಕೊಡಿ, ಮಾತಾಡಿಸ್ತಾ ಇರಿ."

ಮನೆಗೆ ಬಂದ ಮೇಲೆ ಅತ್ತೆ ಅಕ್ಕಿ ಆರಿಸುತ್ತಾ ಗೋಡೆಗೆ ಹೇಳುವಂತೆ ಹೇಳಿದರು: "ಅರ್ಥ ಹುಡುಕ್ಬೇಡಿ ಅಂದ್ರೆ? ಲೋಕದಾಗೆ ಇಷ್ಟೊಂದು ಊರು ಬಿದ್ದಾವೆ. ಅದೇ ಯಾಕೆ ಉಳೀಬೇಕಾಗಿತ್ತು?"

ಆಗ ನನಗೆ ಆ ಮಾತಿನ ಭಾರ ಗೊತ್ತಾಗಲಿಲ್ಲ.

ಅವತ್ತಿನಿಂದ ಸಂಜೆ ಹೊತ್ತು ನಾನೂ ಮಾವನೂ ಒಂದೇ ಜಗಲಿಯಲ್ಲಿ ಕೂರಬೇಕಾಯಿತು. ಮಾತಾಡಿಸಿ ಎಂದಿದ್ದಳು ಹುಡುಗಿ. ಏನು ಮಾತಾಡಿಸುವುದು? ಸರಿಯಿದ್ದಾಗಲೇ ನಾವು ಮಾತಾಡಿದವರಲ್ಲ. ನಾನು ಶಾಲೆಯ ಸುದ್ದಿ ಹೇಳಿ ಮುಗಿಸುವೆ, ಅವರು "ತರೀಕೆರೆ" ಎನ್ನುವರು, ಮತ್ತೆ ಇಬ್ಬರೂ ಮಳೆ ನೋಡುವೆವು. ಅಜ್ಜಂಪುರದ ಆ ಮಳೆ ಜೋರಾಗಿ ಬಂದು ಮುಗಿಯುವುದಲ್ಲ. ಬರುತ್ತಿದೆಯೋ ನಿಂತಿದೆಯೋ ಗೊತ್ತಾಗದ ಸೋನೆ. ಎರೆಮಣ್ಣು ಚಪ್ಪಲಿಗೆ ಅಂಟಿ ಪ್ರತಿ ಹೆಜ್ಜೆಗೂ ಕಾಲು ಭಾರವಾಗುತ್ತಿತ್ತು.

ಒಂದು ಭಾನುವಾರ ಲಾರಿಯನ್ನು ಬಯಲಿಗೆ ಒಯ್ದೆ. ಕೆಸರಿನ ದಿಣ್ಣೆ ಹತ್ತುವಾಗ ಒಳಗಿನಿಂದ ಕರಕರ ಸದ್ದು ಬಂದು ನಿಂತೇಬಿಟ್ಟಿತು. ಮೋಟಾರು ತಿರುಗುತ್ತಿದೆ, ಚಕ್ರ ಇಲ್ಲ. ತಂದು ಜಗಲಿಯಲ್ಲಿ ಹಳೇ ಸ್ಟೀಲ್ ತಟ್ಟೆ ಇಟ್ಟುಕೊಂಡು ಬಿಚ್ಚತೊಡಗಿದೆ. ಮಾವ ಕೋಲು ಊರಿಕೊಂಡು ಬಂದು ಎದುರಿನ ಕುರ್ಚಿಯಲ್ಲಿ ಕೂತರು.

ಕೆಲಸ ಹೇಳುವಷ್ಟು ಕಷ್ಟದ್ದಲ್ಲ. ಮೋಟಾರಿನ ತುದಿಯಲ್ಲಿ ಒಂದು ಚಿಕ್ಕ ಹಲ್ಲಿನ ಗಾಲಿ. ಅದು ಒಂದು ದೊಡ್ಡ ಪ್ಲಾಸ್ಟಿಕ್ ಗಾಲಿಯನ್ನು ತಿರುಗಿಸುತ್ತದೆ. ಅಲ್ಲಿಂದ ಮುಂದಕ್ಕೊಂದು, ಹಿಂದಕ್ಕೊಂದು ಸರಳು ಹೋಗಿ ಎರಡು ಆಕ್ಸಲ್ಲುಗಳನ್ನೂ ತಿರುಗಿಸುತ್ತವೆ. ಪ್ರತಿ ಆಕ್ಸಲ್ಲಿನ ನಡುಮಧ್ಯೆ ದೊಡ್ಡ ಲಾರಿಯಲ್ಲಿ ಇರುವಂತೆಯೇ ಒಂದೊಂದು ಡಿಫರೆನ್ಷಿಯಲ್, ಬಾಯಿಮಾತಿನಲ್ಲಿ ಡಿಫ್ಫು, ಗುಂಡು ನಿಂಬೆಹಣ್ಣಿನಷ್ಟು. ಪ್ಲಾಸ್ಟಿಕ್ ಗಾಲಿಯ ಹಲ್ಲುಗಳು ಒಂದು ಕಡೆ ಪೂರ್ತಿ ನುಣ್ಣಗಾಗಿದ್ದವು. ಬೇರಿಂಗಿನೊಳಗೆ ಮಣ್ಣು ಹೊಕ್ಕು ತುಕ್ಕು ಹಿಡಿದಿತ್ತು.

ಮಾವ ಎಡಗೈ ಚಾಚಿದರು. ಗಾಲಿ ಕೊಟ್ಟೆ. ಹೆಬ್ಬೆರಳಿನಿಂದ ಹಲ್ಲು ಸವರಿದರು. ಮುಖದಲ್ಲಿ ಏನೋ ಬಂದು ಹೋಯಿತು. "ತರೀಕೆರೆ" ಎಂದು ನನ್ನನ್ನು ಗದರಿದರು. ಲಾರಿಯನ್ನು ಹೀಗೆ ಕೆಡಿಸಿಕೊಂಡು ಬಂದ ಕ್ಲೀನರನನ್ನು ಗದರಿದ ಹಾಗೆ. ನಾನು ಸ್ಕ್ರೂ ಡ್ರೈವರನ್ನು ಓರೆ ಹಿಡಿದಾಗ ಕೈ ಮೇಲೆ ಫಟ್ಟೆಂದು ಹೊಡೆದರು. ಅಲ್ಲಿಯತನಕ ನನ್ನೆದುರು ಕಾಲು ಚಾಚಿ ಕೂರದಿದ್ದವರು! ನನಗೆ ಬೇಜಾರಾಗಬೇಕಿತ್ತೋ ಖುಷಿಯಾಗಬೇಕಿತ್ತೋ. ಕಾಯಿಲೆ ಅವರಿಗೆ ನಾನು ಅಳಿಯ ಎಂಬುದನ್ನು ಮರೆಸಿಬಿಟ್ಟಿದೆಯೇ, ಇಲ್ಲಾ ಮರ್ಯಾದೆಯ ಹೊರೆ ಇಳಿಸಿ ಹಗುರ ಮಾಡಿದೆಯೇ ಎಂದು ಅವರ ಮುಖವನ್ನೇ ನೋಡಿದೆ. ಅವರು ಬೇರಿಂಗ್ ನೋಡುತ್ತಿದ್ದರು.

ಹೊಸ ಗಾಲಿ, ಬೇರಿಂಗುಗಳನ್ನು ಫೋನಿನಲ್ಲಿ ಆರ್ಡರ್ ಮಾಡಿದೆ. ಬರುವುದು ತಡವಾಯಿತು. ಬಂದ ದಿನ ಇಬ್ಬರೂ ಕೂತೆವು. ಸೋತ ಬಲಗೈಯಲ್ಲಿ ಗೇರ್‌ಬಾಕ್ಸಿನ ಹೊರಕವಚವನ್ನು, ಅಂದರೆ ಹೌಸಿಂಗನ್ನು, ಇಟ್ಟುಕೊಂಡು ಒತ್ತಿ ಹಿಡಿಯುವುದು ಅವರ ಕೆಲಸ. ಮೊದಮೊದಲು ಜಾರಿ ಬೀಳುತ್ತಿತ್ತು. ಎರಡು ಗಾಲಿಗಳ ನಡುವೆ ಎಷ್ಟು ಸಂದು ಬಿಡಬೇಕೆಂದು ತೋರಿಸಿದೆ. ಪೇಪರಿನ ಒಂದು ಚೂರನ್ನು ಹಲ್ಲುಗಳ ನಡುವೆ ತೂರಿಸಿ ತಿರುಗಿಸಬೇಕು. ಆಚೆ ಬಂದ ಚೂರಿನಲ್ಲಿ ಮಡಿಕೆ ಬಿದ್ದಿರಬೇಕು, ಹರಿದಿರಬಾರದು. ಹರಿದರೆ ಬಿಗಿ ಹೆಚ್ಚು, ಮಡಿಕೆ ಬೀಳದಿದ್ದರೆ ಸಡಿಲ. ಅವರಿಗೆ ಇದು ಹೊಸದು. ಪೇಪರ್ ಚೂರನ್ನು ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದರು.

ಗ್ರೀಸು ಹಚ್ಚುವ ಹೊತ್ತಿಗೆ ಎಡವಟ್ಟಾಯಿತು. ಅವರು ಡಬ್ಬಿಗೆ ಬೆರಳಿಟ್ಟು ಉಂಡೆಉಂಡೆ ತೆಗೆದು ಗೇರ್‌ಬಾಕ್ಸಿನ ತುಂಬ ತುಂಬಿದರು. ಇಷ್ಟು ಬೇಡವೆಂದು ನನಗೆ ಗೊತ್ತಿತ್ತು. ಆದರೆ ಲಾರಿಯಲ್ಲೇ ಆಯಸ್ಸು ಕಳೆದವರಿಗೆ ನಾನೇನು ಹೇಳುವುದು? ಹೇಳಿದರೆ ನೊಂದುಕೊಂಡಾರೋ? ಸುಮ್ಮನಿದ್ದೆ. ಓಡಿಸಿದಾಗ ಲಾರಿ ಅಂಗಳದ ಅರ್ಧಕ್ಕೆ ಹೋಗಿ ಏದುಸಿರು ಬಿಟ್ಟಿತು. ಮೋಟಾರಿನಿಂದ ಹೊಗೆ ಎದ್ದಿತು. ಸುಟ್ಟ ವಾಸನೆಗೆ, ಆಗ ತಾನೇ ಕಡೂರಿನಿಂದ ಬಂದಿದ್ದ ಶೈಲಾ ಓಡಿ ಬಂದಳು.

"ಏನ್ ನಡೀತಾ ಇದೆ ಇಲ್ಲಿ? ಅಪ್ಪನ್ನ ಹುಷಾರ್ ಮಾಡಿ ಅಂದ್ರೆ ಆಟದ ಲಾರಿ ಮುಂದೆ ಕೂರಿಸ್ಕೊಂಡಿದೀರಾ. ಮಗು ಮಾಡ್ಬಿಟ್ರಿ ಅವರನ್ನ."

"ಕೈಗೆ ಕೆಲಸ ಕೊಡಿ ಅಂದಿದ್ರಲ್ಲ..."

"ಕೈಗೆ ಕೊಡಿ ಅಂದ್ರು, ಮನೆಗೆ ಬೆಂಕಿ ಇಡಿ ಅನ್ಲಿಲ್ಲ."

ಮಾವ ತಲೆ ತಗ್ಗಿಸಿ, ಮಗಳ ಕಡೆ ನೋಡದೆ, ಮೆಲ್ಲಗೆ "ತರೀಕೆರೆ" ಎಂದರು. ತಪ್ಪು ನನ್ನದು ಎನ್ನುವ ದನಿ. ಶೈಲಾ ಸೆರಗಿನಿಂದ ಅವರ ಕೈಯ ಗ್ರೀಸು ಒರೆಸಿದಳು, ಒರೆಸುತ್ತಾ ಅತ್ತಳು. ನಾನು ಸುಟ್ಟ ಮೋಟಾರು ಹಿಡಿದು ನಿಂತಿದ್ದೆ. ಇದೆಲ್ಲ ಅವರಿಗೆ ಒಳ್ಳೆಯದು ಮಾಡುತ್ತಿದೆಯೋ, ನನ್ನ ಹುಚ್ಚಿಗೆ ಅವರನ್ನು ಎಳೆಯುತ್ತಿದ್ದೇನೋ ಎಂದು ನನಗೇ ಅನುಮಾನ ಬಂತು.

ಸ್ವಲ್ಪ ದಿನ ಲಾರಿ ಮೇಲಿನ ಕೋಣೆ ಸೇರಿತು. ಮಾವ ಜಗಲಿಯಲ್ಲಿ ಕೂತು ಖಾಲಿ ಸ್ಟೀಲ್ ತಟ್ಟೆಯನ್ನು ಕೋಲಿನಿಂದ ತಟ್ಟುತ್ತಿದ್ದರು. ನಾಲ್ಕಾರು ದಿನ ನೋಡಿ ಶೈಲಾಳೇ ಲಾರಿಯನ್ನು ಕೆಳಗೆ ತಂದಿಟ್ಟಳು. "ಗ್ರೀಸು ಮಾತ್ರ ನೀವೇ ಹಚ್ಚಿ" ಎಂದಳು.

ಅಷ್ಟರಲ್ಲಿ ಈರುಳ್ಳಿ ಕಾಲ ಬಂದಿತ್ತು. ಹೊಲದವರು ತಂದುಕೊಟ್ಟ ಈರುಳ್ಳಿ ಜಗಲಿಯ ತುಂಬ ಹರವಿತ್ತು. ಅತ್ತೆ ಒಂದು ಕಡೆ ಕೊಳೆತದ್ದು ಆರಿಸುತ್ತಿದ್ದರು, ಇನ್ನೊಂದು ಕಡೆ ನಾವು ಮೂರೂ ಭಾಗ ಬಿಚ್ಚಿಕೊಂಡು ಕೂತಿದ್ದೆವು, ನಡುವಿನ ಗೇರ್‌ಬಾಕ್ಸು, ಮುಂದಿನ ಡಿಫ್ಫು, ಹಿಂದಿನ ಡಿಫ್ಫು. ಈ ಸಲ ಪೂರ್ತಿ ಹೊಸದಾಗಿ ಕಟ್ಟಿಬಿಡೋಣ ಎಂದು. ಡಿಫ್ಫಿನ ಗೇರಿನ ಬೆನ್ನಿಗೆ ಹಾಕುವ ಕಾಗದದಷ್ಟು ತೆಳ್ಳಗಿನ ವಾಷರೊಂದು ಮಾವನ ಬೆರಳಿನಿಂದ ಜಾರಿ ಈರುಳ್ಳಿ ಸಿಪ್ಪೆಯಲ್ಲಿ ಬಿದ್ದುಹೋಯಿತು. ಎಷ್ಟು ಹುಡುಕಿದರೂ ಸಿಗಲಿಲ್ಲ. ಮಾವ ಸುಸ್ತಾಗಿ ಒಳಗೆ ಹೋಗಿ ಮಲಗಿದರು. ಅತ್ತೆ ಸಿಪ್ಪೆಯನ್ನೆಲ್ಲ ಮೊರಕ್ಕೆ ಹಾಕಿ ಕೇರಿದರು. ವಾಷರು ಮೊರದ ತುದಿಗೆ ಬಂದು ಮಿನುಗಿತು.

ಅದನ್ನು ನನ್ನ ಅಂಗೈಗೆ ಹಾಕಿ, ಒಳಗಿನ ಬಾಗಿಲ ಕಡೆ ಒಮ್ಮೆ ನೋಡಿ, ಅತ್ತೆ ಕೇಳಿದರು.

"ಅಳಿಯಂದ್ರೆ, ನಿಮಗೆ ಲೆಕ್ಕ ಬರುತ್ತೆ. ಇಲ್ಲಿಂದ ತರೀಕೆರೆಗೆ ಲಾರಿಲಿ ಎಷ್ಟು ಹೊತ್ತಿನ ದಾರಿ?"

"ಗಂಟೆನೂ ಬೇಡ ಅತ್ತೆ."

"ಹಂಗಾದ್ರೆ ಶಿವಮೊಗ್ಗದಿಂದ ಬರೋ ಮನುಷ್ಯ ತರೀಕೆರೇಲಿ ಯಾಕೆ ಹಾಲ್ಟ್ ಮಾಡ್ಬೇಕು? ಮನೆ ಗಂಟೆ ದಾರೀಲಿದೆ. ರಾತ್ರಿ ಅಲ್ಲಿದ್ದು ಬೆಳಿಗ್ಗೆ ಬರೋರು. ಒಂದ್ಸಲ ಅಲ್ಲ, ವರ್ಷಗಟ್ಲೆ. ಕೇಳಿದ್ರೆ, ಗಾಡಿ ಕೆಟ್ಟಿತ್ತು ಅನ್ನೋರು. ಗಾಡಿ ಯಾವಾಗ್ಲೂ ತರೀಕೆರೇಲೇ ಕೆಡುತ್ತಾ?"

ನಾನು ವಾಷರನ್ನೇ ನೋಡುತ್ತಿದ್ದೆ.

"ನಾನು ಬಾಯಿ ಬಿಟ್ಟು ಕೇಳಿರ್ಲಿಲ್ಲ ಕಣ್ರೀ. ಈಗ ನೋಡಿದ್ರೆ, ಹೆಂಡ್ತಿ ಮಕ್ಕಳ ಹೆಸರು ಹೋಯ್ತು, ದೇವರ ಹೆಸರು ಹೋಯ್ತು, ಅದೊಂದು ಉಳೀತು. ಅಲ್ಲಿ ಯಾರೋ ಇದಾರೆ. ಇವರು ಬಿದ್ದಿದ್ದು ಅವರಿಗೆ ಗೊತ್ತೋ ಇಲ್ವೋ. ಕಾಯ್ತಾ ಕೂತಿದ್ರೆ?"

ಕೊನೆಯ ಮಾತು ಕೇಳಿ ನಾನು ತಲೆ ಎತ್ತಿದೆ. ಅತ್ತೆಯ ಮುಖದಲ್ಲಿ ಸಿಟ್ಟು ಇತ್ತು, ಸರಿ. ಆದರೆ ಕಾಣದ ಆ ಹೆಂಗಸಿನ ಬಗ್ಗೆ ಕಾಳಜಿಯೂ ಇತ್ತು. ಎರಡೂ ಒಂದೇ ಮುಖದಲ್ಲಿ ಹೇಗೆ ಇರುತ್ತವೋ ನನಗೆ ತಿಳಿಯಲಿಲ್ಲ.

ಮುಂದಿನ ಭಾನುವಾರ ಮಾವನನ್ನು ಕಾರಿನಲ್ಲಿ ಕೂರಿಸಿಕೊಂಡು ತರೀಕೆರೆಗೆ ಹೊರಟೆವು. ಬೇರಿಂಗ್ ಹುಡುಕಲು ಎಂದು ನೆಪ. ಶೈಲಾಗೆ ನಾನು ನಿಜ ಹೇಳಿದ್ದೆ. "ಅಮ್ಮಂಗೆ ತಲೆ ಕೆಟ್ಟಿದೆ" ಎಂದಳು, ಆದರೂ ಬಂದಳು. ಅತ್ತೆ ಮದುವೆಗೆ ಹೊರಟವರಂತೆ ಒಳ್ಳೆಯ ಸೀರೆ ಉಟ್ಟಿದ್ದರು. ಕೈಯಲ್ಲೊಂದು ಚೀಲ. ಶೈಲಾ ಇಣುಕಿ ನೋಡಿದಳು. ಒಂದು ರವಿಕೆ ಕಣ, ಎಲೆ ಅಡಿಕೆ, ಅರಿಶಿನ ಕುಂಕುಮ, ತೆಂಗಿನಕಾಯಿ, ಹೂವು.

"ಇದೇನಮ್ಮ?"

"ಯಾರಾದ್ರೂ ಇದ್ರೆ? ಬರಿಗೈಲಿ ಹೋಗಕ್ಕಾಗುತ್ತಾ?"

ಶೈಲಾ ಕಿಟಕಿಯ ಕಡೆ ತಿರುಗಿ ಕೂತಳು. ಮುಂದಿನ ಸೀಟಿನಲ್ಲಿ ಮಾವ ಬಹಳ ಲವಲವಿಕೆಯಿಂದ ರಸ್ತೆ ನೋಡುತ್ತಿದ್ದರು. ನಾನು ಗೇರು ಬದಲಿಸುವಾಗೆಲ್ಲ ಅವರ ಎಡಗೈ ತೊಡೆಯ ಮೇಲೆ ತಾನೂ ಸ್ವಲ್ಪ ಅಲುಗುತ್ತಿತ್ತು.

ತರೀಕೆರೆಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಕಾರು ನಿಧಾನ ಮಾಡಿದೆ. ಅತ್ತೆ ಹಿಂದಿನಿಂದ ಮುಂದಕ್ಕೆ ಬಾಗಿ ಕೇಳಿದರು: "ಇಲ್ಲೇನು?" ಮಾವ "ತರೀಕೆರೆ" ಎಂದರು. ಸ್ಟೇಷನ್ ರಸ್ತೆಗೆ ಹೋದೆವು. "ಇಲ್ಲೇನು?" "ತರೀಕೆರೆ." ಪೇಟೆ ಬೀದಿ, ಒಳಗಿನ ಕೇರಿ, ಎಲ್ಲಿ ಹೋದರೂ ಅದೇ ಪ್ರಶ್ನೆ, ಅದೇ ಉತ್ತರ. ಅವರು ಹೇಳುತ್ತಿದ್ದದ್ದು ಸುಳ್ಳಂತೂ ಅಲ್ಲ. ಅದು ತರೀಕೆರೆಯೇ. ಶೈಲಾಗೆ ನಗು ಬಂದುಬಿಟ್ಟಿತು, ಬಾಯಿಗೆ ಕರ್ಚೀಫು ಒತ್ತಿಕೊಂಡಳು. ಅತ್ತೆ ನಗಲಿಲ್ಲ.

ಕೊನೆಗೆ ಎಲ್ಲರಿಗೂ ಹಸಿವಾಗಿ ಊರಾಚೆಯ ರಸ್ತೆಯ ಒಂದು ಹಳೆಯ ಹೋಟೆಲಿನ ಮುಂದೆ ನಿಲ್ಲಿಸಿದೆ. ನಿಲ್ಲಿಸಿದ್ದು ನಾನು, ಮಾವ ತೋರಿಸಿದ್ದಲ್ಲ. ಅದನ್ನು ನಾನು ಆಮೇಲೆ ಎಷ್ಟೋ ಸಲ ನೆನಪಿಸಿಕೊಂಡಿದ್ದೇನೆ. ಒಳಗೆ ಕಾಲಿಡುತ್ತಿದ್ದಂತೆ ಗಲ್ಲಾದ ಮೇಲೆ ಕೂತಿದ್ದ ಮುದುಕರು ಎದ್ದು ಬಂದರು. ಹೆಸರು ಓಂಕಾರಣ್ಣ ಎಂದು ಆಮೇಲೆ ತಿಳಿಯಿತು.

"ಏ ರುದ್ರಾ! ಲೇ, ಏನೋ ಇದು? ಹಿಂಗ್ಯಾಕೆ ಆಗ್ಬಿಟ್ಟೆ?"

ಮಾವ ಅವರ ಭುಜ ಹಿಡಿದು "ತರೀಕೆರೆ, ತರೀಕೆರೆ" ಎಂದು ಗದ್ಗದರಾದರು. ನಾನು ಕಾಯಿಲೆಯ ಸಂಗತಿ ಹೇಳಿದೆ. ಓಂಕಾರಣ್ಣ ಕಣ್ಣೊರೆಸಿಕೊಂಡು ಎಲ್ಲರಿಗೂ ದೋಸೆ ಹೇಳಿದರು. ಅತ್ತೆ ದೋಸೆ ಮುಟ್ಟಲಿಲ್ಲ. ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಇವ್ರು ಇಲ್ಲಿ ಹಾಲ್ಟ್ ಮಾಡೋರಲ್ಲ. ಯಾರ ಮನೇಲಿ?" ಎಂದು ನೇರವಾಗಿ ಕೇಳಿಬಿಟ್ಟರು.

ಓಂಕಾರಣ್ಣ ಮಾವನ ಮುಖ ನೋಡಿದರು. ಮಾವ ಸಾಂಬಾರು ನೋಡುತ್ತಿದ್ದರು.

"ಮನೆ ಎಲ್ಲಿ ತಾಯಿ? ಇದೇ ಹೋಟ್ಲು ಬೆಂಚಿನ ಮೇಲೆ. ಇನ್ ಹೇಳಿದ್ರೆ ಏನಾಗುತ್ತೆ, ಗಾಡಿ ಮಾರಿ ಆಯ್ತಲ್ಲ. ಅವನಿಗೆ ಇಳಿಹೊತ್ತಾದ್ರೆ ಕಣ್ಣು ಮಂಜು ಕಣಮ್ಮ. ಎದುರುಗಡೆ ಲೈಟು ಬಿದ್ರೆ ರಸ್ತೆನೇ ಕಾಣ್ತಿರ್ಲಿಲ್ಲ. ಡ್ರೈವರ್‌ಗೆ ಕಣ್ಣಿಲ್ಲ ಅಂತ ಗೊತ್ತಾದ್ರೆ ಲೋಡ್ ಯಾರು ಕೊಡ್ತಾರೆ? ಶಿವಮೊಗ್ಗದಿಂದ ಇಲ್ಲೀತನಕ ಬರೋಷ್ಟ್ರಲ್ಲಿ ಕತ್ಲಾಗೋದು. ಮಲಗಿ ಬೆಳಕು ಹರಿದ್ಮೇಲೆ ಹೋಗೋನು. ಮನೇಲಿ ಹೇಳ್ಬೇಡ ಅಂತ ನನ್ ಕೈಲಿ ಆಣೆ ಹಾಕಿಸ್ಕೊಂಡಿದ್ದ."

ಅತ್ತೆ ಮಾವನನ್ನು ನೋಡಿದರು. "ಹೌದೇನ್ರೀ?" ಮಾವ ಅವರ ಕಡೆ ತಿರುಗಿ ಮಗುವಿನಂತೆ ನಕ್ಕು "ತರೀಕೆರೆ" ಎಂದರು.

ತಂದದ್ದನ್ನು ವಾಪಸ್ ಒಯ್ಯಬಾರದೆಂದು ಅತ್ತೆ ಆ ಚೀಲವನ್ನು ಓಂಕಾರಣ್ಣನ ಸೊಸೆಗೆ ಕೊಟ್ಟು, ಕುಂಕುಮವಿಟ್ಟು ಬಂದರು. ಅವಳು ಏನೂ ತಿಳಿಯದೆ ಕಾಲಿಗೆ ನಮಸ್ಕಾರ ಮಾಡಿದಳು. ವಾಪಸ್ ಬರುವಾಗ ಕಾರಿನಲ್ಲಿ ಮಾವ ನಿದ್ದೆ ಹೋಗಿದ್ದರು. ಶೈಲಾ ತಾಯಿಯ ಕೈ ಹಿಡಿದು, "ಈಗ ಸಮಾಧಾನ ಆಯ್ತಾ?" ಎಂದಳು.

"ಆಯ್ತು" ಎಂದರು ಅತ್ತೆ. ಅಜ್ಜಂಪುರ ಹತ್ತಿರವಾದಾಗ, "ಸ್ನೇಹಿತ್ರಾದೋರು ಇನ್ನೇನು ಹೇಳ್ತಾರೆ, ಅಲ್ವಾ?" ಎಂದರು.

ನಾನು ಗಾಡಿ ಓಡಿಸುತ್ತಾ ಅದನ್ನೇ ಯೋಚಿಸಿದೆ. ಓಂಕಾರಣ್ಣ ಹೇಳಿದ್ದು ನಿಜವೆಂದು ನನಗೆ ಅನ್ನಿಸಿತ್ತು. ಈ ಮಾತು ಕೇಳಿದ ಮೇಲೆ ಅತ್ತೆಯ ಅನುಮಾನವೂ ನಿಜವಿರಬಹುದು ಎನ್ನಿಸಿತು. ಮಕ್ಕಳಿಗೆ ನಾನು ಹೇಳುವ ಲೆಕ್ಕಕ್ಕೆ ಒಂದೇ ಉತ್ತರ ಇರುತ್ತದೆ. ಇಲ್ಲಿ ಎರಡೂ ಸರಿಹೊಂದುತ್ತಿದ್ದವು.

ಆಮೇಲೆ ಮಳೆ ಇಳಿಮುಖವಾಯಿತು. ಹೊಸ ಮೋಟಾರು ಬಂತು. ಬೇರಿಂಗ್ ಕೂರಿಸಿದೆವು, ವಾಷರು ಹಾಕಿದೆವು, ಗ್ರೀಸು ಗೇರಿನ ಹಲ್ಲಿಗೆ ಎಷ್ಟು ಬೇಕೋ ಅಷ್ಟೇ ಹಚ್ಚಿದೆ. ಪೇಪರ್ ಚೂರು ತೂರಿಸಿ ನೋಡುವ ಕೆಲಸ ಈಗ ಮಾವನದು. ಹರಿದರೆ ನಾಲಿಗೆ ಕಚ್ಚಿಕೊಂಡು ಮತ್ತೆ ತೂರಿಸುವರು. ಬಲಗೈ ಈಗ ಹೌಸಿಂಗನ್ನು ಬಿಗಿಯಾಗಿ ಹಿಡಿಯುತ್ತಿತ್ತು.

ದಸರಾ ರಜೆಯ ಮೊದಲ ದಿನವಿರಬೇಕು, ಎಲ್ಲಾ ಜೋಡಿಸಿ ಮುಗಿಸಿದೆವು. ಶೈಲಾಗೂ ಅಂದು ರಜೆ. ನಾನು ಲಾರಿಯನ್ನು ಅಂಗಳದಲ್ಲಿಟ್ಟು ರಿಮೋಟ್ ಒತ್ತಿದೆ. ಅದು ಮುಂದೆ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ. ನಿಂತಲ್ಲೇ ಚಳಿ ಬಂದವರ ಹಾಗೆ ಗಡಗಡ ನಡುಗಿತು. ಬಿಟ್ಟೆ, ಮತ್ತೆ ಒತ್ತಿದೆ. ಮತ್ತೆ ನಡುಕ. ಏನಾಯಿತೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಸಂದು ಸರಿಯಿದೆ, ಬೇರಿಂಗ್ ಹೊಸದು, ಗ್ರೀಸು ಹಿತಮಿತ. ಎತ್ತಿ ಮಾವನ ತೊಡೆಯ ಮೇಲಿಟ್ಟೆ. ಅವರು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ನಾನು ಒತ್ತಿದೆ. ನಾಲ್ಕೂ ಚಕ್ರ ಗಾಳಿಯಲ್ಲಿ ಗರ್ರನೆ ತಿರುಗಿದವು.

ಮಾವ ಬಗ್ಗಿ ನೋಡಿದರು. ಅವರ ಮುಖ ಬಿಗಿಯಾಯಿತು, ತುಟಿ ಅದುರಿತು.

"ಉ... ಉಲ್ಟಾ!"

ನಾನು ರಿಮೋಟ್ ಬಿಟ್ಟುಬಿಟ್ಟೆ.

"ಉಲ್ಟಾ! ಉಲ್ಟಾ!" ಎಂದು ಮುಂದಿನ ಚಕ್ರವನ್ನು ಬೆರಳಿನಿಂದ ಕುಟ್ಟಿದರು. ಹೌದು. ಹಿಂದಿನ ಚಕ್ರಗಳು ಮುಂದಕ್ಕೆ ತಿರುಗುತ್ತಿದ್ದವು, ಮುಂದಿನವು ಹಿಂದಕ್ಕೆ. ಮುಂದಿನ ಡಿಫ್ಫನ್ನು ನಾನು ಎಡಬಲ ತಿರುವುಮುರುವಾಗಿ ಕೂರಿಸಿದ್ದೆ. ಅರ್ಧ ಗಾಡಿ ಆಚೆ ಎಳೆದರೆ ಅರ್ಧ ಈಚೆ ಎಳೆಯುತ್ತಿತ್ತು. ಆದರೆ ಆಗ ಅದನ್ನು ಯೋಚಿಸುವವರು ಯಾರು? ಶೈಲಾ "ಅಪ್ಪಾ" ಎಂದು ಓಡಿಬಂದು ಅವರ ಮೊಣಕಾಲ ಬಳಿ ಕುಸಿದು ಕೂತಳು. ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಬಂದರು.

"ಏನಂದ್ರು? ಏನೋ ಅಂದ್ರಲ್ಲ?"

"ಉಲ್ಟಾ ಅಂದ್ರು ಅತ್ತೆ."

"ಉಲ್ಟಾನಾ?" ಅತ್ತೆ ಅದನ್ನು ಹೊಸ ಊರಿನ ಹೆಸರು ಕೇಳಿದಂತೆ ಕೇಳಿಸಿಕೊಂಡರು.

ಸ್ವಲ್ಪ ದಿನ ಮನೆಯಲ್ಲೆಲ್ಲ ಉಲ್ಟಾ. ನೀರೂ ಉಲ್ಟಾ, ಅನ್ನವೂ ಉಲ್ಟಾ. ತರೀಕೆರೆ ಹೋಗಿ ಉಲ್ಟಾ ಬಂತೇ ಹೊರತು ಏನು ಬದಲಾಯಿತು ಎಂದು ನನಗೆ ಭಯವಾಯಿತು. ಆದರೆ ಡಿಫ್ಫನ್ನು ಸರಿಯಾಗಿ ತಿರುಗಿಸಿ ಕೂರಿಸುವ ದಿನ "ವಾಷರ್" ಬಂತು, ಅದರ ಹಿಂದೆ "ಬೇಡ" ಬಂತು, "ಕಾಫಿ" ಬಂತು. ಮಾತಿನ ತರಬೇತಿಯ ಹುಡುಗಿಗೆ ಫೋನು ಮಾಡಿ ಹೇಳಿದೆವು. ಅವಳು ಖುಷಿಪಟ್ಟಳು. ಹೌದು, ಅಲ್ಲ ಎನ್ನುವುದು ಮಾತ್ರ ಬಹಳ ದಿನ ಅದಲುಬದಲಾಗುತ್ತದೆ, ನಂಬಬೇಡಿ ಎಂದಳು.

ಅತ್ತೆ ಅದನ್ನು ಕೇಳಿಸಿಕೊಂಡಿರಲಿಲ್ಲವೋ, ಕೇಳಿಸಿಕೊಂಡೂ ತಡೆಯಲಾಗಲಿಲ್ಲವೋ. ಒಂದು ಮಧ್ಯಾಹ್ನ ಮಾವನಿಗೆ ಊಟ ಬಡಿಸಿ, ಕೈ ತೊಳೆಸಿ, ಎದುರಿಗೆ ಕೂತು ಕೇಳಿದರು. ನಾನು ಜಗಲಿಯಲ್ಲಿದ್ದೆ, ಬಾಗಿಲು ತೆರೆದಿತ್ತು.

"ತರೀಕೆರೇಲಿ ಯಾರಾದ್ರೂ ಇದ್ರಾ?"

"ಹೂಂ" ಎಂದರು ಮಾವ.

ಅತ್ತೆ ಉಂಡು ಮುಗಿಸಿದ ತಟ್ಟೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಕೇಳಿದರು: "ಊಟ ಆಯ್ತಾ?"

ಮಾವ ತೊಳೆದ ಕೈಯನ್ನು ಪಂಚೆಗೆ ಒರೆಸುತ್ತಾ, "ಊಹೂಂ" ಎಂದರು.

ಅತ್ತೆಗೆ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ತಡೆಯಲಾರದೆ, ಕಣ್ಣಲ್ಲಿ ನೀರು ಬರುವತನಕ ನಕ್ಕರು. ಆ ಮಳೆಗಾಲದಲ್ಲಿ ಅವರು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಮಾವನೂ ಯಾಕೆಂದು ತಿಳಿಯದೆ ನಕ್ಕರು. "ಇದ್ರೂ ಇರ್ಲಿ, ಇಲ್ದಿದ್ರೂ ಇರ್ಲಿ ಬಿಡಿ" ಎಂದು ಅತ್ತೆ ಕಣ್ಣೊರೆಸಿಕೊಂಡರು. "ವಾಷರ್ ಅನ್ನಕ್ಕೆ ಬರುತ್ತೆ, ಕಾಫಿ ಅನ್ನಕ್ಕೆ ಬರುತ್ತೆ. ಇನ್ಮೇಲೆ ನಾನು ಹೇಳ್ಕೊಡ್ತೀನಿ. ಎಲ್ಲಿ, ನನ್ ಹೆಸರು ಹೇಳಿ."

ಮಾವ ಗಾಬರಿಯಾದರು.

"ಸರ್ವಮಂಗಳ. ಹೇಳಿ. ಉದ್ದ ಆಯ್ತಾ? ಮಂಗಳಾ ಅಂದ್ರೂ ಸಾಕು."

ಅವರ ತುಟಿ ಅಲುಗಿತು. ಮುಖ ಕೆಂಪಾಯಿತು. ಅತ್ತೆಯನ್ನು ನೋಡಿದರು, ಬಾಗಿಲಾಚೆ ಕೂತ ನನ್ನನ್ನು ನೋಡಿದರು, ತಲೆ ತಗ್ಗಿಸಿಬಿಟ್ಟರು. ಮದುವೆಯಾದಾಗಿನಿಂದ ಅವರು ಹೆಂಡತಿಯನ್ನು "ಏನೇ", "ಇವಳೇ" ಎಂದು ಕರೆದವರೇ ಹೊರತು ಹೆಸರು ಹಿಡಿದು ಕರೆದವರಲ್ಲವಂತೆ, ಶೈಲಾ ಆಮೇಲೆ ಹೇಳಿದಳು. ನನಗೆ ಮಾತ್ರ ಅವರ ಆ ಮುಖ ನೋಡಿ ಒಂದು ವಿಷಯದಲ್ಲಾದರೂ ಗೊಂದಲ ಹೋಯಿತು. ಅದು ಕಾಯಿಲೆಯ ಮುಖವಲ್ಲ. ಅಳಿಯನ ಎದುರು ನಾಚಿಕೊಂಡ ಗಂಡಸಿನ ಮುಖ. ಅವರಿಗೆ ನಾನು ಯಾರೆಂದು ಮೊದಲಿನಿಂದಲೂ ಗೊತ್ತಿತ್ತು. ನಾನು ಎದ್ದು ಅಂಗಳಕ್ಕೆ ಹೋದೆ.

ಸಂಜೆ ಬಯಲಿಗೆ ಹೋಗಿ ಲಾರಿ ಓಡಿಸಿಕೊಂಡು ಬಂದೆ. ಸದ್ದಿಲ್ಲದೆ ಓಡಿತ್ತು. ಕೆಸರು ತೊಳೆಯಲು ನೀರು ಕೇಳೋಣವೆಂದು ಅಡುಗೆಮನೆಯ ಬಾಗಿಲಿಗೆ ಹೋದೆ. ಅತ್ತೆ ಒಲೆಯ ಮುಂದೆ ಸುಮ್ಮನೆ ನಿಂತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ನಡುಮನೆಯಿಂದ ದನಿ ಬಂತು. ತೊದಲುತ್ತಾ, ಆದರೆ ರಸ್ತೆಯಾಚೆ ಇರುವವರನ್ನು ಕೂಗುವಷ್ಟು ಜೋರಾಗಿ.

"ಮಂ...ಗಳಾ! ನೀರು!"

ನಾನು ಒಳಗೆ ಓಡಬೇಕೆಂದಿದ್ದೆ. ಅತ್ತೆ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ತಡೆದರು. ನೀರು ತುಂಬಿದ ಲೋಟ ಆಗಲೇ ಅವರ ಇನ್ನೊಂದು ಕೈಯಲ್ಲಿತ್ತು.

"ಇರಿ ಅಳಿಯಂದ್ರೆ" ಎಂದು ಪಿಸುಗುಟ್ಟಿದರು. "ಇನ್ನೊಂದ್ಸಲ ಕರೀಲಿ."